ಹದಿನಾಲ್ಕು ಮಾರು ಆಳದ ಕಲ್ಲು

ಸಮುದ್ರ ನೋಡುವ ಮೊದಲೇ ನಾನು ಸಮುದ್ರದ ದನಿ ಮಾಡಿ ತೋರಿಸುತ್ತಿದ್ದೆ. ಮೂಡಲಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಬರಿದಾದ ಕೊಡದ ಬಾಯಿಗೆ ಬಾಯಿ ಹಚ್ಚಿ ಉಸಿರನ್ನು ಒಮ್ಮೆ ಒಳಗೆ ಒಮ್ಮೆ ಹೊರಗೆ ಎಳೆದರೆ ಹತ್ತು ಮಂದಿ ಕೂಡುತ್ತಿದ್ದರು. "ಖರೇನ ಹಿಂಗ ಒದರತೈತೇನೋ ಅದು?" ಎಂದರೆ "ಇದಕ್ಕಿಂತ ಜೋರ ಒದರತೈತಿ, ಏನ ಮಾಡೂದು, ಕೊಡ ಸಣ್ಣದೈತಿ" ಎನ್ನುತ್ತಿದ್ದೆ. ನಮ್ಮ ಓಣಿಯಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ, ಹಾಗಾಗಿ ನನ್ನನ್ನು ಸುಳ್ಳು ಮಾಡುವವರೂ ಇರಲಿಲ್ಲ.

ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ಕುಲಕರ್ಣಿಯವರು ಮೂಗಿನಿಂದ ಮಾತಾಡುವುದು, ಮೋಟಾರಿನ ಡ್ರೈವರ ಬೀಡಿ ಕಚ್ಚಿಕೊಂಡೇ ಬಯ್ಯುವುದು, ನಮ್ಮಪ್ಪ ನನ್ನ ಪರೀಕ್ಷೆಯ ಫಲಿತಾಂಶ ಕೇಳಿ ಎರಡು ಸಲ ಕೆಮ್ಮಿ ಸುಮ್ಮನಾಗುವುದು, ಎಲ್ಲವನ್ನೂ ಮಾಡುತ್ತಿದ್ದೆ. ನನ್ನನ್ನೂ ಮಾಡಿಕೊಳ್ಳುತ್ತಿದ್ದೆ. ಎರಡನೆಯ ಸಲ ಮ್ಯಾಟ್ರಿಕ್ ಡುಮ್ಕಿ ಹೊಡೆದು ಮನೆಗೆ ಬಂದವನ ಮೋರೆ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಮಾಡುವವರು ಸುತ್ತ ಏಳು ಹಳ್ಳಿಯಲ್ಲಿ ಇರಲಿಲ್ಲ.

ಗೋಕಾಕದಲ್ಲಿ ನನಗೆ ಪಾಠ ಹೇಳಿದ ಮಾಸ್ತರೊಬ್ಬರಿದ್ದರು. ಬೆಲ್ಲದ ಬಾಗೇವಾಡಿಯ ಜೈನರ ಒಕ್ಕಲು ಮನೆತನದವರು. ಮುಂದೆ ಕಾಲೇಜಿಗೆ ಹೋಗಿ ಕಲ್ಲಿನ ಶಾಸ್ತ್ರ ಕಲಿಸತೊಡಗಿದ್ದರು. ಒಮ್ಮೆ ಗೋಕಾಕಕ್ಕೆ ಬಂದವರು, ಚಹಾದ ಅಂಗಡಿಯಲ್ಲಿ ನಾನು ಅವರದೇ ನಕಲು ಮಾಡುತ್ತಿರುವುದನ್ನು ಹಿಂದೆ ನಿಂತು ನೋಡಿದರು. ಅವರು ಕಲ್ಲು ಕಂಡಲ್ಲಿ ಚಪ್ಪಲಿ ಬಿಟ್ಟು ಕುಕ್ಕರುಗಾಲಲ್ಲಿ ಕೂಡುತ್ತಿದ್ದರು, ಗುಡಿಯ ಮುಂದೆ ಕೂತ ಹಾಗೆ. ನಾನು ಅದನ್ನೇ ಮಾಡುತ್ತಿದ್ದೆ. ತಿರುಗಿ ನೋಡಿದವನು ಬಿಟ್ಟ ಚಪ್ಪಲಿಯನ್ನು ಮತ್ತೆ ಕಾಲಿಗೆ ಸಿಕ್ಕಿಸಿಕೊಂಡೆ.

"ಎಡಗಾಲ ಮೊದಲ ಬಿಡ್ತೇನಿ ನಾ, ಬಲಗಾಲ ಅಲ್ಲ," ಎಂದರು ಮಾಸ್ತರು. "ಉಳದದ್ದೆಲ್ಲಾ ಬರೋಬ್ಬರಿ ಐತಿ. ಕೆಲಸಾ ಏನ ಮಾಡ್ತಿ?"

"ಇದನ್ನ ಮಾಡ್ತೇನ್ರಿ."

"ಹಂಗಾರ ನನ್ನ ಜೋಡಿ ಬಾ. ನೋಡಿದ್ದನ್ನ ಹಂಗ ಇಟ್ಕೊಳ್ಳಾವ ಒಬ್ಬ ಬೇಕಾಗ್ಯಾನ."

ಹೀಗೆ ನಾನು ಕಲ್ಲಿನ ಕೆಲಸಕ್ಕೆ ಬಿದ್ದೆ. ಆಗ ನನಗೆ ಇಪ್ಪತ್ತೆರಡು.

ಮೊದಲ ದಿನವೇ ಅವರು ನನ್ನನ್ನು ಗೋಕಾಕ ಫಾಲ್ಸಿನ ಬಂಡೆಯ ಮೇಲೆ ನಿಲ್ಲಿಸಿ ಕಾಲ ಕೆಳಗೆ ನೋಡು ಎಂದರು. ಬಂಡೆಯ ಮೇಲೆ ಸಣ್ಣ ಸಣ್ಣ ಏಣು, ಒಂದರ ಹಿಂದೊಂದು, ಸೀರೆಯ ನಿರಿಗೆಯ ಹಾಗೆ. ಗೋಕಾಕದ ಸಾಲಿಯ ದಿನಗಳಿಂದ ಅದರ ಮೇಲೆ ಓಡಾಡಿದ್ದೆ, ಒಮ್ಮೆಯೂ ಕಂಡಿರಲಿಲ್ಲ. ತೆಳು ನೀರು ಉಸುಕಿನ ಮೇಲೆ ಹರಿದಾಡಿ ಬರೆದ ಗೆರೆ ಅವು ಎಂದರು. ಉಸುಕು ಪದರ ಪದರವಾಗಿ ಕೂತು ಕಲ್ಲಾಗಿದೆ. ನಾವು ನಿಂತದ್ದು ಒಂದು ಕಾಲಕ್ಕೆ ಸಮುದ್ರದ ತಳ. ಇದೇ ಕಲ್ಲು ಘಟ್ಟದ ಆಚೆ, ಕೊಂಕಣದಲ್ಲಿ ಅಲ್ಲಲ್ಲಿ ತಲೆ ಎತ್ತುತ್ತದೆ. ಅಲ್ಲಿಂದ ಇವತ್ತಿನ ಸಮುದ್ರದೊಳಗೆ ಇಳಿದು ಎಲ್ಲಿಯವರೆಗೆ ಹೋಗಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಅದನ್ನು ತೋರಿಸಬೇಕೆಂದು ಮಾಸ್ತರು ನಾಲ್ಕು ವರ್ಷ ಹೆಣಗಿದ್ದರು.

ತೋರಿಸುವುದೆಂದರೆ ದಂಡೆಯಿಂದ ದೂರ ದೂರ ಹೋಗುತ್ತಾ ಒಂದೊಂದು ಆಳದಲ್ಲಿ ತಳದ ಕಲ್ಲು ಎತ್ತಿ ತರುವುದು. ಪುಣೆಯಿಂದ ಒಬ್ಬ ದೊಡ್ಡ ಸಾಹೇಬರು ಬಂದು ಆ ಕಲ್ಲುಗಳನ್ನು ನಮ್ಮ ಗೋಕಾಕದ ಕಲ್ಲಿನ ಜೊತೆ ಇಟ್ಟು ನೋಡುವವರಿದ್ದರು. ಅವರು ಒಪ್ಪಿದರೆ ಮಾಸ್ತರರ ಲೇಖನ ಅಚ್ಚಾಗುತ್ತದೆ, ಮುಂದಿನ ವರ್ಷ ಇನ್ನೂ ಆಳಕ್ಕೆ ಹೋಗಲು ದೋಣಿ ಸಿಗುತ್ತದೆ. ಒಪ್ಪದಿದ್ದರೆ ನಾಲ್ಕು ವರ್ಷದ ಕೆಲಸ ಅಲ್ಲಿಗೇ ನಿಂತಿತು. ಇದನ್ನು ಅವರು ನನಗೆ ಎರಡು ಸಲ ಹೇಳಿದರು. ಒಂದೇ ಮಾತನ್ನು ಎರಡು ಸಲ ಹೇಳುವ ಮನುಷ್ಯ ಅವರಲ್ಲ.

ಹೋಳಿ ಹುಣ್ಣಿಮೆ ಮುಗಿದ ವಾರ ಹುಕ್ಕೇರಿಯಿಂದ ಹೊರಟು, ಸಂಕೇಶ್ವರ ದಾಟಿ, ಅಂಬೋಲಿಯ ಘಟ್ಟ ಇಳಿದು ವೆಂಗುರ್ಲೆ ಮುಟ್ಟಿದೆವು. ಸಮುದ್ರದ ದನಿ ನನ್ನ ಕೊಡದ ದನಿಯ ಹಾಗೆ ಇರಲಿಲ್ಲ ಎಂಬುದನ್ನು ಇಲ್ಲಿಗೇ ಹೇಳಿ ಮುಗಿಸುತ್ತೇನೆ.

ಮಾಸ್ತರು ಗೊತ್ತು ಮಾಡಿದ್ದು ಒಂದು ಮಚವೆ, ಒಂದೇ ಹಾಯಿಯ ದೋಣಿ. ಅದರ ತಾಂಡೇಲ, ಅಂದರೆ ದೋಣಿಯ ಯಜಮಾನ, ಒಣಗಿದ ಹುಣಸೆಕಾಯಿಯಂಥ ಮುದುಕ. ಜೊತೆಗೆ ಅವನ ಇಬ್ಬರು ಮಕ್ಕಳು. ಘಟ್ಟದ ಮೇಲಿನವರನ್ನು ಅಲ್ಲಿಯವರು ಘಾಟಿ ಎನ್ನುತ್ತಾರೆ. ನನಗೆ ಬರುತ್ತಿದ್ದ ಮರಾಠಿಯಲ್ಲಿ ನಾನು ಅವನಿಗೆ ನಮಸ್ಕಾರ ಹೇಳಿದ ಕೂಡಲೇ ಮುದುಕ ಮಾಸ್ತರರನ್ನು ಕೇಳಿದ, "ಮೀನು ಹಿಡಿಯೋದಿಲ್ಲ, ಸರಕು ಒಯ್ಯೋದಿಲ್ಲ, ಕಲ್ಲು ಹಿಡೀಲಿಕ್ಕೆ ಬಂದೀರಿ. ಘಟ್ಟದ ಮೇಲೆ ಕಲ್ಲು ತೀರಿ ಹೋದವೇನು?"

ಕೆಲಸದ ರೀತಿ ಹೀಗಿತ್ತು. ಮೊದಲು ಒಂದು ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ಬಿಡುವುದು. ಗುಂಡಿನ ಬುಡದ ತಗ್ಗಿನಲ್ಲಿ ಅಂಟು ತುಂಬಿರಬೇಕು. ತಳದಲ್ಲಿ ಉಸುಕಿದ್ದರೆ ಉಸುಕು ಹತ್ತಿಕೊಂಡು ಬರುತ್ತದೆ, ರಾಡಿ ಇದ್ದರೆ ರಾಡಿ. ಏನೂ ಹತ್ತದೆ ಅಂಟು ಜಜ್ಜಿ ಬಂದರೆ ಕೆಳಗೆ ಬಂಡೆ. ತಾಂಡೇಲ ಅದಕ್ಕೆ ಪ್ರಾಣಿಯ ಕೊಬ್ಬು ತಂದಿದ್ದ. ಮಾಸ್ತರು ಅದನ್ನು ಮುಟ್ಟಲಿಲ್ಲ. ರಾಳ ಮತ್ತು ಔಡಲ ಎಣ್ಣೆ ಕುದಿಸಿ ತಾವೇ ಮಾಡಿಕೊಂಡು ಬಂದ ಅಂಟನ್ನು ಡಬ್ಬಿಯಿಂದ ತೆಗೆದರು. ತಾಂಡೇಲ ಅದನ್ನು ಮೂಸಿ, "ಸಮುದ್ರಕ್ಕೆ ಭೇದಿ ಆಗತ್ತೆ ಇವತ್ತು," ಎಂದು ಮಗನಿಗೆ ಹೇಳಿದ. ಅಂಟು ಮಾತ್ರ ಕೊಬ್ಬಿಗಿಂತ ಚೆನ್ನಾಗಿ ಕೆಲಸ ಮಾಡಿತು.

ಬಂಡೆ ಗೊತ್ತಾದ ಮೇಲೆ ಕಬ್ಬಿಣದ ಚೌಕಟ್ಟಿನ ಬಾಯಿ ಇದ್ದ ಸರಪಳಿಯ ಜಾಳಿಗೆಯನ್ನು ಇಳಿಸಿ, ದೋಣಿಯನ್ನು ನಿಧಾನ ನಡೆಸಿ ತಳವನ್ನು ಗೋರುತ್ತ ಹೋಗುವುದು. ಹಗ್ಗಕ್ಕೆ ಮಾರು ಮಾರಿಗೆ ಗಂಟು ಹಾಕಿತ್ತು. ಗಂಟು ಎಣಿಸಿ ಆಳ ಹೇಳಬೇಕು. ಮೇಲೆ ಬಂದ ಒಂದೊಂದು ಕಲ್ಲಿಗೂ ಯಾವ ಎಳೆತ, ಎಷ್ಟು ಮಾರು ಎಂದು ಗುರುತು ಹಾಕಬೇಕು. ಆ ಗುರುತಿನ ಕೆಲಸ ನನ್ನದು. ಅದಕ್ಕೆಂದೇ ಮಾಸ್ತರು ಬಿಳಿ ಬಣ್ಣದ ಡಬ್ಬಿ, ಕುಂಚ ಕೊಟ್ಟಿದ್ದರು. "ನಂಬರ ಕಲ್ಲಿನ ಮ್ಯಾಲೇ ಬರೀಬೇಕು ತಮ್ಮಾ. ಚೀಟಿ ಸುಳ್ಳ. ನಂಬರ ಇಲ್ಲದ ಕಲ್ಲ ಬರೇ ಕಲ್ಲ."

ನಾಲ್ಕು ಮಾರಿನಲ್ಲಿ ಮೊದಲ ಕಲ್ಲು ಬಂತು. ಮೈತುಂಬ ಹಸಿರು ಪಾಚಿ, ಚಿಪ್ಪು, ಏನೇನೋ ಹುಳದ ಮನೆ. ಬಣ್ಣ ಹಚ್ಚಿದೆ, ಹಸಿ ಕಲ್ಲು ಹಿಡಿಯಲಿಲ್ಲ, ಹಾಲಿನ ಹಾಗೆ ಇಳಿದು ಹೋಯಿತು. ಅಷ್ಟರಲ್ಲಿ ದೋಣಿಯ ತೂಗಾಟಕ್ಕೆ ನನ್ನ ಹೊಟ್ಟೆಯೊಳಗಿನ ಜೋಳದ ರೊಟ್ಟಿ ಗಂಟಲಿಗೆ ಬಂದು ಕೂತಿತ್ತು. ತಾಂಡೇಲನ ಸಣ್ಣ ಮಗ ನನ್ನ ಬೆನ್ನು ತಿಕ್ಕುತ್ತ, "ವಾಕರಿಕೆ ಚೆನ್ನಾಗಿ ಮಾಡ್ತಾನೆ ನೋಡಪ್ಪಾ," ಎಂದು ತಾಂಡೇಲನಿಗೆ ಹೇಳಿದ. ದಂಡೆಯಲ್ಲಿ ನನ್ನ ನಕಲು ನೋಡಿದ್ದ, ಇದೂ ನಕಲೇ ಎಂದು ತಿಳಿದಿದ್ದನೋ ಏನೋ. ನಾನು ಚೀಟಿ ಬರೆದು ದಾರದಿಂದ ಕಲ್ಲಿಗೆ ಕಟ್ಟಿದೆ. ಒಣಗಿದ ಮೇಲೆ ಬಣ್ಣ ಹಾಕಿದರಾಯಿತು ಎಂದುಕೊಂಡೆ. ಮಾಸ್ತರು ಹಗ್ಗದ ಕಡೆ ನೋಡುತ್ತಿದ್ದರು, ನನ್ನ ಕಡೆ ಅಲ್ಲ.

ಏಳು ಎಳೆತದಲ್ಲಿ ಹನ್ನೊಂದು ಕಲ್ಲು ಬಂದವು. ಎರಡು ಕೊಂಕಣದ ಕೆಂಪು ಜಾಂಬಾ ಕಲ್ಲು, ಎಲ್ಲಿ ಬೇಕಾದಲ್ಲಿ ಸಿಗುವಂಥವು. ಒಂಬತ್ತು ಉಸುಕುಗಲ್ಲು. ಕೊನೆಯದೇ ದೊಡ್ಡ ಎಳೆತ. ಸೀಸದ ಗುಂಡು ಹದಿನಾಲ್ಕನೆಯ ಗಂಟಿಗೆ ತಳ ಮುಟ್ಟಿ ಬರಿದಾಗಿ ಬಂತು. ಜಾಳಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಹಗ್ಗ ಬಿಗಿದುಕೊಂಡು ಕಬ್ಬಿಣದ ಸಲಾಕೆಯಂತೆ ಸೆಟೆಯಿತು. ದೋಣಿ ಆ ಕಡೆ ವಾಲಿ ನೀರು ಒಳಗೆ ನುಗ್ಗಿತು. ತಾಂಡೇಲ ಹಾಯಿ ಬಿಡಿಸೆಂದು ಮಗನಿಗೆ ಕೂಗಿ, ಕೊಯ್ತಾ, ಅಂದರೆ ಬಾಗಿದ ಮಚ್ಚು, ತೆಗೆದು ಹಗ್ಗದ ಮೇಲೆ ಇಟ್ಟ.

"ಕಡೀಬ್ಯಾಡ," ಎಂದರು ಮಾಸ್ತರು, ಕನ್ನಡದಲ್ಲಿಯೇ.

ಮುದುಕ ಕನ್ನಡ ಬಲ್ಲವನಲ್ಲ. ಆದರೆ ಕೊಯ್ತಾ ಒತ್ತಲಿಲ್ಲ. ಮಾಸ್ತರು ಹಗ್ಗವನ್ನು ಎರಡೂ ಕೈಯಿಂದ ಹಿಡಿದು ಅದರ ಮೇಲೆ ಮಲಗಿದಂತೆ ಬಾಗಿದ್ದರು. ನಾನು ಅವರ ಧೋತರ ಹಿಡಿದುಕೊಂಡಿದ್ದೆ. ಈಜು ನಮ್ಮಿಬ್ಬರಲ್ಲಿ ಯಾರಿಗೂ ಬರುತ್ತಿರಲಿಲ್ಲ. ತಾಂಡೇಲ ಬಾಯಿಗೆ ಬಂದಂತೆ ಬಯ್ದು, ಹುಟ್ಟು ಹಾಕಿಸಿ ದೋಣಿಯನ್ನು ಸುತ್ತು ತಿರುಗಿಸಿ ಎದುರು ದಿಕ್ಕಿನಿಂದ ಬಂದ. ಕೆಳಗೆ ಏನೋ ಕಿತ್ತ ಹಾಗಾಗಿ ಹಗ್ಗ ಸಡಿಲಾಯಿತು. ಜಾಳಿಗೆಯಲ್ಲಿ ಒಂದೇ ಒಂದು ಕಲ್ಲು, ತೆಂಗಿನಕಾಯಿಯಷ್ಟು. ಒಂದು ಮಗ್ಗಲು ಹೊಸದಾಗಿ ಮುರಿದು ನಸುಗೆಂಪಾಗಿ ಹೊಳೆಯುತ್ತಿತ್ತು. ಅಲ್ಲಿ ಇಲ್ಲಿ ಉರುಳಿ ಬಂದದ್ದಲ್ಲ, ತಳದ ಬಂಡೆಯಿಂದಲೇ ಕಿತ್ತದ್ದು. ಮಾಸ್ತರು ಅದನ್ನು ತೊಡೆಯ ಮೇಲಿಟ್ಟುಕೊಂಡು ದಂಡೆ ಬರುವವರೆಗೆ ಕೆಳಗಿಡಲಿಲ್ಲ. ಅವರ ಅಂಗೈ ಸುಲಿದು ಹೋಗಿತ್ತು.

"ಬರದಿಯೇನೋ?" ಎಂದರು ದಂಡೆಗೆ ಇಳಿಯುವಾಗ.

"ಬರದೇನ್ರಿ," ಎಂದೆ. ಚೀಟಿಯಲ್ಲಿ ಬರೆದಿದ್ದೆನಲ್ಲ, ಸುಳ್ಳೇನಲ್ಲ.

ಕಲ್ಲುಗಳನ್ನು ಬಾಗೇವಾಡಿಗೆ ಒಯ್ಯುವ ಹಾಗಿರಲಿಲ್ಲ. ಚೀಲ ಬಿಚ್ಚದೆಯೇ ಹತ್ತು ಮಾರು ದೂರಕ್ಕೆ ಮೀನಿನ ಗಬ್ಬು ಹೊಡೆಯುತ್ತಿತ್ತು. ಮಾಸ್ತರರ ತಾಯಿ ಹೊತ್ತು ಮುಳುಗಿದ ಮೇಲೆ ನೀರು ಕುಡಿಯಲಿಕ್ಕೂ ಯೋಚನೆ ಮಾಡುವಂಥವರು. ಸತ್ತ ಚಿಪ್ಪಿನ ಹುಳ ಅವರ ಅಂಗಳ ದಾಟುವುದು ಸಾಧ್ಯವಿರಲಿಲ್ಲ. ಅದಕ್ಕೆ ನಾನು ಧೈರ್ಯದಿಂದ ಹುಕ್ಕೇರಿಯ ನಮ್ಮ ದೊಡ್ಡವ್ವನ ಮನೆ ತೋರಿಸಿದೆ. ಗೋಕಾಕದಿಂದ ಹೋಲಿಕೆಗೆಂದು ತಂದಿದ್ದ ಎಂಟು ಕಲ್ಲುಗಳ ಚೀಲವೂ ಅಲ್ಲೇ ಇತ್ತು. ಎರಡು ಚೀಲವನ್ನೂ ಹಿತ್ತಲ ಪಡಸಾಲೆಯಲ್ಲಿ ಇಟ್ಟೆವು.

"ಏನ ನಾರತೈತೋ ಇದು?" ಎಂದಳು ದೊಡ್ಡವ್ವ.

"ಕಲ್ಲ ದೊಡ್ಡವ್ವ. ದೂರದಿಂದ ಬಂದಾವು, ದಣದಾವು."

"ಮಂಗ್ಯಾನಂಥವನ, ಕಲ್ಲ ನಾರತಾವೇನು?"

ಮಾಸ್ತರು ಸಾಹೇಬರನ್ನು ಎದುರುಗೊಳ್ಳಲು ಬೆಳಗಾವಿಗೆ ಹೋದರು. ಮೂರನೆಯ ದಿನ ಇಬ್ಬರೂ ಹುಕ್ಕೇರಿಯ ಪ್ರವಾಸಿ ಬಂಗಲೆಗೆ ಬರುವುದೆಂದು ಗೊತ್ತಾಗಿತ್ತು. ಹೊರಡುವಾಗ, ಎಲ್ಲಾ ಕಲ್ಲು ಹನ್ನೊಂದು ಗಂಟೆಗೆ ಬಂಗಲೆಯ ಮೇಜಿನ ಮೇಲೆ ಇರಲಿ ಎಂದರು. ನಾನು ಎರಡು ದಿನ ಇದೆಯಲ್ಲ ಎಂದು, ಬಣ್ಣದ ಡಬ್ಬಿಯನ್ನು ಕಿಟಕಿಯಲ್ಲಿಟ್ಟು, ಊರಲ್ಲಿ ತಾಂಡೇಲನ ನಕಲು ಮಾಡಿಕೊಂಡು ತಿರುಗಿದೆ. ಕೊಯ್ತಾ ಹಗ್ಗದ ಮೇಲೆ ಇಡುವ ಭಾಗಕ್ಕೆ ಮಂದಿ ಉಸಿರು ಹಿಡಿಯುತ್ತಿದ್ದರು.

ಎರಡನೆಯ ದಿನ ಮುಂಜಾನೆ ಹಿತ್ತಲಿಗೆ ಹೋದಾಗ ಎರಡೂ ಚೀಲ ತೊಳೆದು ಬೇಲಿಗೆ ಒಣಹಾಕಿತ್ತು. ಹೊರಸಿನ ಮೇಲೆ ಹತ್ತೊಂಬತ್ತು ಕಲ್ಲು, ಹಬ್ಬಕ್ಕೆ ತಿಕ್ಕಿದ ತಂಬಿಗೆಗಳ ಹಾಗೆ ಬಿಸಿಲಲ್ಲಿ ಸಾಲಾಗಿ ಕೂತಿದ್ದವು. ಪಾಚಿ ಇಲ್ಲ, ಚಿಪ್ಪು ಇಲ್ಲ. ಎಲ್ಲವೂ ನಸುಗೆಂಪು, ಎಲ್ಲವೂ ಸ್ವಚ್ಛ.

"ಪೂಜಿಗೆ ಕುಂತ್ರ ಲಿಂಗದ ಮುಂದ ಬರೇ ಮೀನಾ ನಾರತಿತ್ತು," ಎಂದಳು ದೊಡ್ಡವ್ವ. "ವಿಭೂತಿ ಹಚ್ಚಿದ ಕೈಗೂ ಅದ ವಾಸನಿ. ನಸಕಿನ್ಯಾಗ ಎದ್ದು ಬೂದಿ, ಹುಣಸೀಹಣ್ಣ, ಅಂಟವಾಳಕಾಯಿ ಹಚ್ಚಿ ತೊಳದೇನಿ. ಕುಡಗೋಲಿಲೆ ಕೆರದ್ರೂ ಬರವಲ್ವು ಆ ಚಿಪ್ಪ. ಎರಡ ತಾಸ ಹಿಡೀತು ನೋಡು."

"ಚೀಟಿ ಇದ್ವಲ್ಲ ದೊಡ್ಡವ್ವ?"

"ತೋಯ್ದು ಹರದ ಹ್ವಾದ್ವು, ಒಲಿಗೆ ಹಾಕಿದೆ. ದಾರಾ ಚಲೋ ಇತ್ತು, ಸುತ್ತಿ ಇಟ್ಟೇನಿ."

ನಾನು ಹೊರಸಿನ ಮುಂದೆ ಕೂತೆ. ಎರಡು ಜಾಂಬಾ ಕಲ್ಲು ಹೇಗೂ ಬೇರೆ ಕಾಣುತ್ತಿದ್ದವು, ತೆಗೆದಿಟ್ಟೆ. ಉಳಿದದ್ದು ಹದಿನೇಳು. ಅದರಲ್ಲಿ ಒಂಬತ್ತು ಸಮುದ್ರದ್ದು, ಎಂಟು ಗೋಕಾಕದ್ದು. ಯಾವುದು ಯಾವುದು? ನೋಡಿದೆ, ಕೈಯಲ್ಲಿ ತೂಗಿದೆ, ಒಂದಕ್ಕೊಂದು ಬಡಿದು ಕೇಳಿದೆ. ಆಗ ಹೊಳೆಯಿತು. ಎರಡೂ ಕಡೆಯ ಕಲ್ಲು ಒಂದೇ ಎಂದು ತೋರಿಸುವುದೇ ಮಾಸ್ತರರ ನಾಲ್ಕು ವರ್ಷದ ಕೆಲಸ. ಅವರ ಮಾತು ಖರೆಯಾದಷ್ಟೂ ನನಗೆ ಗುರುತು ಸಿಗುವುದು ಕಷ್ಟ. ನನಗೆ ಸುಲಭವಾಗಿ ಸಿಕ್ಕಿಬಿಟ್ಟರೆ ಅವರ ಮಾತು ಸುಳ್ಳು.

ಉಪ್ಪಿರಬಹುದೆಂದು ಹದಿನೇಳನ್ನೂ ನೆಕ್ಕಿದೆ. ಎಲ್ಲವೂ ಬೂದಿಯ ರುಚಿ, ಹಿಂದಿನಿಂದ ಹುಣಸೆಹಣ್ಣು.

ಬಾಗಿಲಲ್ಲಿ ನಿಂತ ದೊಡ್ಡವ್ವ ಕೇಳಿದಳು, "ಇದು ಯಾರದೋ ನಕಲು?"

"ನಂದು," ಎಂದೆ.

ಅವಳಿಗೆ ಏನು ಹೇಳಲಿ. ತೊಳೆದದ್ದು ಅವಳಾದರೂ ಕಿಟಕಿಯಲ್ಲಿದ್ದ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯದೆ ಇದ್ದವನು ನಾನು. ಕಲ್ಲಿನ ಮೇಲೆ ಬರೆದಿದ್ದರೆ ಅವಳ ಬೂದಿಯಲ್ಲ, ಸುಣ್ಣ ಹಚ್ಚಿ ತಿಕ್ಕಿದರೂ ನಂಬರು ಉಳಿಯುತ್ತಿತ್ತು.

ಮಧ್ಯಾಹ್ನದವರೆಗೆ ಬೆಳಗಾವಿಗೆ ಓಡಿ ಹೇಳಬೇಕೆಂದಿದ್ದೆ. ಮಧ್ಯಾಹ್ನ ದಾಟಿದ ಮೇಲೆ ನಕಲಿಯವನ ಬುದ್ಧಿ ಎದ್ದಿತು. ಮಾಸ್ತರು ನನ್ನನ್ನು ಇಟ್ಟುಕೊಂಡದ್ದೇ ನೋಡಿದ್ದನ್ನು ಹಾಗೇ ಇಟ್ಟುಕೊಳ್ಳುತ್ತೇನೆಂದು. ಒಂದೊಂದು ಕಲ್ಲೂ ಮೇಲೆ ಬಂದಾಗ ಹೇಗಿತ್ತೆಂದು ಕಣ್ಣು ಮುಚ್ಚಿ ನೆನೆದೆ. ಇದು ಉದ್ದಕ್ಕಿತ್ತು, ಎಂಟು ಮಾರು ಇರಬೇಕು. ಇದು ಮೂಲೆ ಮುರಿದದ್ದು, ಹತ್ತು. ಒಂದು ಮಗ್ಗಲು ಮುರಿದು ಹೊಳೆಯುವ ತೆಂಗಿನಕಾಯಿಯಂಥದ್ದು ಸಿಕ್ಕಿದಾಗ ಕೂಗಿಯೇಬಿಟ್ಟೆ, ಹದಿನಾಲ್ಕು. ಅಂಥವು ಇನ್ನೂ ಎರಡು ಇದ್ದವು, ಅವುಗಳ ಕಡೆ ನೋಡಲಿಲ್ಲ. ಹೊಸ ಕಾಗದ ಕತ್ತರಿಸಿ, ನನ್ನದೇ ಅಕ್ಷರದಲ್ಲಿ ಹನ್ನೊಂದು ಚೀಟಿ ಬರೆದು, ದೊಡ್ಡವ್ವ ಸುತ್ತಿಟ್ಟ ದಾರದಿಂದ ಕಟ್ಟಿದೆ. ನನ್ನ ಅಕ್ಷರವನ್ನು ನಾನೇ ನಕಲು ಮಾಡಿದ್ದು ಆವತ್ತೇ ಮೊದಲು.

ಮರುದಿನ ಹನ್ನೊಂದಕ್ಕೆ ಮೊದಲೇ ಮೇಜು ಸಿದ್ಧವಿತ್ತು. ಎಡಕ್ಕೆ ಚೀಟಿ ಕಟ್ಟಿದ ಹನ್ನೊಂದು, ಬಲಕ್ಕೆ ಗೋಕಾಕದ ಎಂಟು. ಕಾರು ಬಂತು. ಸಾಹೇಬರು ಬೆನ್ನು ಬಾಗಿದ, ಕಿವಿ ತುಸು ಮಂದವಾದ ಇಂಗ್ಲಿಷ್ ಮನುಷ್ಯ. ಮಾಸ್ತರು ಇಸ್ತ್ರಿ ಮಾಡಿದ ಕೋಟು ಹಾಕಿದ್ದರು. ಅಂಗೈಗೆ ಇನ್ನೂ ಬಟ್ಟೆ ಸುತ್ತಿತ್ತು. ಕಲ್ಲು ತಿಕ್ಕಿದವನು ನಾನೇ, ನಂಬರು ಚೀಟಿಯ ಕೆಳಗಿದೆ ಎಂದುಕೊಂಡರೋ ಏನೋ, ದೂರದಿಂದಲೇ ಮೇಜನ್ನು ನೋಡಿ ನನ್ನ ಕಡೆ ತಲೆಯಾಡಿಸಿದರು, ಸಂತೋಷದಿಂದ.

ಸಾಹೇಬರು ಕೂತರು. ಭೂತಗನ್ನಡಿ ತೆಗೆದು ಎಡದಿಂದ ಒಂದು, ಬಲದಿಂದ ಒಂದು ಹಿಡಿದು ನೋಡತೊಡಗಿದರು. ಬಹಳ ಹೊತ್ತು. ಬಂಗಲೆಯ ಹಂಚಿನ ಮೇಲೆ ಪಾರಿವಾಳ ಗುಟುರುವುದು ಬಿಟ್ಟರೆ ಸಪ್ಪಳವಿಲ್ಲ. ಎರಡನೆಯ ಜೋಡಿ, ಮೂರನೆಯ ಜೋಡಿ. ಒಂದು ಚೀಟಿ ಓದಿದರು, ಪುಸ್ತಕದಲ್ಲಿ ಬರೆದುಕೊಂಡರು. ಮತ್ತೊಂದು ಓದಿದರು. "ಆಶ್ಚರ್ಯ," ಎಂದರು ತಮ್ಮ ಭಾಷೆಯಲ್ಲಿ, "ಕಣಕಣವೂ ಒಂದೇ ಇದೆ."

ಇರದೆ ಏನು. ನಾನು ಗೋಡೆಗೆ ಒತ್ತಿ ನಿಂತಿದ್ದೆ.

ಆಗ ಮಾಸ್ತರು ಹದಿನಾಲ್ಕು ಎಂದು ಬರೆದ ಕಲ್ಲನ್ನು ಎತ್ತಿಕೊಂಡರು. ಮೊದಲು ನಗುತ್ತಲೇ ಎತ್ತಿದರು, ಸಾಹೇಬರಿಗೆ ಕೊಡಲೆಂದು. ಅರ್ಧಕ್ಕೆ ಕೈ ನಿಂತಿತು. ಮುರಿದ ಮಗ್ಗಲನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಅಂಚಿನ ಒಂದು ಸಣ್ಣ ತಗ್ಗನ್ನು ಸವರಿದರು. ಚೀಟಿಯನ್ನು ತಿರುಗಿಸಿ ಹಿಂದೆ ಮುಂದೆ ನೋಡಿದರು. ಸಮುದ್ರದ ನೀರು ಕುಡಿದ ಕಾಗದ ಅಷ್ಟು ಬಿಳಿ ಇರುವುದಿಲ್ಲ. ಆಮೇಲೆ ನನ್ನನ್ನು ನೋಡಿದರು. ನಾನು ಮೋರೆಯನ್ನು ಏನೂ ಗೊತ್ತಿಲ್ಲದವನ ಹಾಗೆ ಮಾಡಿಕೊಂಡೆ. ಅದು ಅಷ್ಟು ಚೆನ್ನಾಗಿ ಬಂದಿರಲಿಕ್ಕಿಲ್ಲ.

ಸಾಹೇಬರು ಬರೆಯುತ್ತಲೇ ಇದ್ದರು. ಮಾಸ್ತರು ಸುಮ್ಮನಿದ್ದರೆ ಸಾಕಿತ್ತು. ಇನ್ನು ಎರಡು ಜೋಡಿ, ಆಮೇಲೆ ಸಾಹೇಬರು ಪುಸ್ತಕ ಮುಚ್ಚುತ್ತಿದ್ದರು, ಲೇಖನ ಅಚ್ಚಾಗುತ್ತಿತ್ತು, ದೋಣಿ ಸಿಗುತ್ತಿತ್ತು. ಅವರು ಕಲ್ಲು ಹಿಡಿದುಕೊಂಡು ನಿಂತೇ ಇದ್ದರು. ಸುಮ್ಮನಿರಲಿ ಎಂದು ನಾನು ಬೇಡಿಕೊಂಡೆ, ಸುಮ್ಮನಿರಬಾರದೆಂದೂ ಬೇಡಿಕೊಂಡೆ.

"ತಮ್ಮಾ," ಎಂದರು ಕನ್ನಡದಲ್ಲಿ, ದನಿ ಎತ್ತದೆ. "ಈ ಕಲ್ಲ ಎಲ್ಲಿದು?"

"ಗೊತ್ತಿಲ್ರಿ."

"ಹದಿನಾಲ್ಕು ಅಂತ ಬರದಿ."

"ಸುಳ್ಳ ಬರದೇನ್ರಿ. ಬಣ್ಣದಾಗ ಬರದಿರಲಿಲ್ಲ. ಚೀಟಿ ಕಟ್ಟಿದ್ದೆ. ದೊಡ್ಡವ್ವ ಎಲ್ಲಾ ಕೂಡಿಸಿ ತೊಳದ್ಲು. ಇವು ನಿನ್ನಿ ಬರದ ಚೀಟಿ."

"ಈ ಪೆಟ್ಟ ನಂದೋ," ಎಂದು ಆ ತಗ್ಗನ್ನು ತೋರಿಸಿದರು. "ನನ್ನ ಹಾತೋಡಿ ಮೂಲಿ ಮುರದದ್ದೈತಿ, ಹಿಂಗ ತಗ್ಗ ಬೀಳತೈತಿ. ಇದು ಗೋಕಾಕ ಫಾಲ್ಸಿಂದು."

ಸಾಹೇಬರು ಏನೆಂದು ಕೇಳಿದರು. ಮಾಸ್ತರು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು. ನನ್ನ ಹೆಸರನ್ನು ಮುಂದೆ ಮಾಡಲಿಲ್ಲ, ಗುರುತುಗಳು ಕಳೆದಿವೆ, ಈ ಚೀಟಿಗಳನ್ನು ನಂಬಬಾರದು ಎಂದರು. ಸಾಹೇಬರು ಬರೆದದ್ದರ ಮೇಲೆ ಒಂದು ಗೆರೆ ಎಳೆದು ಕೇಳಿದರು, "ಇದರಲ್ಲಿ ಎಷ್ಟನ್ನು ಸಮುದ್ರದ್ದೇ ಎಂದು ಪ್ರಮಾಣ ಮಾಡಿ ಹೇಳಬಲ್ಲಿರಿ?"

ಮಾಸ್ತರು ಕೋಟು ತೆಗೆದು ಕುರ್ಚಿಗೆ ಹಾಕಿದರು. ಚೀಟಿ ಒಂದೊಂದಾಗಿ ಕಿತ್ತರು. ತಮ್ಮ ಸುತ್ತಿಗೆಯ ಪೆಟ್ಟಿದ್ದ ನಾಲ್ಕು ಕಲ್ಲು ಬದಿಗಿಟ್ಟರು, ಎರಡು ಜಾಂಬಾ ಬದಿಗಿಟ್ಟರು. ಹದಿಮೂರು ಉಳಿದವು. ಒಂಬತ್ತು ಸಮುದ್ರದ್ದು, ನಾಲ್ಕು ಫಾಲ್ಸಿನ ಕೆಳಗೆ ಬಿದ್ದಲ್ಲಿಂದ ಹೆಕ್ಕಿದ್ದು. ಭೂತಗನ್ನಡಿ ಹಿಡಿದು ಅವುಗಳ ಬಿರುಕು ಬಿರುಕನ್ನೂ ನೋಡಿದರು. ಊಟದ ಹೊತ್ತು ಮೀರಿತು. ಖಾನಸಾಮಾ ಎರಡು ಸಲ ಬಾಗಿಲಿಗೆ ಬಂದು ಹೋದ. ಒಂದು ಕಲ್ಲಿನ ಆಳದ ಬಿರುಕಿನಲ್ಲಿ ಹುಳ ಕಟ್ಟಿದ ಸುಣ್ಣದ ಕೊಳವೆ ಸಿಕ್ಕಿತು, ಶಾವಿಗೆಯ ಎಳೆಯಷ್ಟು. ದೊಡ್ಡವ್ವನ ಕುಡಗೋಲು ಅಲ್ಲಿ ಹೋಗಿರಲಿಲ್ಲ. ಅದನ್ನು ಸಾಹೇಬರ ಮುಂದೆ ಇಟ್ಟರು. "ಇದು ಸಮುದ್ರದ್ದು. ಎಷ್ಟು ಆಳದ್ದೆಂದು ಹೇಳಲಾರೆ."

ಆಮೇಲೆ ಇನ್ನೊಂದನ್ನು ಎತ್ತಿಕೊಂಡರು. ಅದೂ ತೆಂಗಿನಕಾಯಿಯಷ್ಟೇ, ಒಂದು ಮಗ್ಗಲು ಕಿತ್ತಂತೆ ಮುರಿದದ್ದು. ಸುತ್ತಿಗೆಯ ಪೆಟ್ಟಿಲ್ಲ. ದೋಣಿಯಲ್ಲಿ ಇಟ್ಟುಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡರು. ಆ ಕಲ್ಲನ್ನು ಸುಲಿದ ಅಂಗೈಯಲ್ಲಿ ತಿರುಗಿಸಿದರು. ಸಾಹೇಬರು ಕಾದರು. ನಾನು ಕಾದೆ.

"ಇದು?" ಎಂದರು ಸಾಹೇಬರು.

ಮಾಸ್ತರು ಮುರಿದ ಮಗ್ಗಲನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಫಾಲ್ಸಿನ ಕೆಳಗೆ ಬಿದ್ದ ಕಲ್ಲೂ ಹೀಗೆಯೇ ಮುರಿಯುತ್ತದೆ. "ಇದೇ ಎಂದು ಅನಿಸುತ್ತದೆ," ಎಂದು ಹೇಳಿ, ಅದನ್ನು ಹಿಂದಕ್ಕೆ, ಉಳಿದ ಹನ್ನೊಂದರ ನಡುವೆ ಇಟ್ಟರು.

ಸಾಹೇಬರು ಹುಳದ ಕೊಳವೆಯ ಕಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಇದೊಂದು ಕಲ್ಲಿನ ಮೇಲೆ ಲೇಖನ ನಿಲ್ಲುವುದಿಲ್ಲ, ಇದೊಂದನ್ನು ತೋರಿಸಿ ಮುಂದಿನ ವರ್ಷಕ್ಕೆ ದೋಣಿ ಕೇಳಲು ತಮ್ಮಿಂದಾಗದು ಎಂದರು. ಯಾವುದೋ ಹಡಗಿನ ಭಾರಕ್ಕೆ ಹಾಕಿದ ಕಲ್ಲು ಬಿದ್ದದ್ದೂ ಇರಬಹುದಲ್ಲ ಎಂದೂ ಕೇಳಿದರು. ಇರಬಹುದು ಎಂದರು ಮಾಸ್ತರು. ಸಾಹೇಬರು ಕೈ ಕುಲುಕಿ ಕಾರು ಹತ್ತಿದರು.

ಉಳಿದ ಹದಿನೆಂಟು ಕಲ್ಲುಗಳನ್ನು ಚಕ್ಕಡಿಯಲ್ಲಿ ಹಾಕಿ ದೊಡ್ಡವ್ವನ ಮನೆಗೆ ತಂದೆವು. ದಾರಿಯಲ್ಲಿ ನಾನು, "ನನ್ನ ಹೊಡೀರಿ ಮಾಸ್ತರ," ಎಂದೆ.

"ಹೊಡದ್ರ ನಂಬರ ಬರ್ತಾವೇನು?"

ಮನೆ ಮುಟ್ಟಿದ ಮೇಲೆ, ಎಲ್ಲವನ್ನೂ ಘೋಡಗೇರಿಯ ಹೊಳೆಗೆ ಒಯ್ದು ಒಗೆದು ಬಾ ಎಂದರು. ಇವು ಕಣ್ಣ ಮುಂದೆ ಇದ್ದರೆ ಇವತ್ತಲ್ಲ ನಾಳೆ ತಮಗೇ ಆಸೆಯಾಗುತ್ತದೆ, ಒಂದಕ್ಕೆ ತಾವೇ ನಂಬರು ಬರೆದುಬಿಡುತ್ತೇವೆ ಎಂದರು. ನಾನು ಚೀಲ ಎತ್ತಿದವನು ನಿಂತೆ.

"ಹೊಳ್ಯಾಗ ಒಗದ್ರ, ನಿಮ್ಮಂಥಾವ್ರು ಇನ್ನೊಬ್ರು ಬಂದು, ಚಪ್ಪಲಿ ಬಿಟ್ಟು ಕುಂತು, ಇದು ಇಲ್ಲೀದ ಕಲ್ಲ ಅಂತ ಬರಕೊಂಡ ಹೋಗ್ತಾರಲ್ರಿ."

ಮಾಸ್ತರು ನನ್ನನ್ನೇ ನೋಡಿದರು. "ಹೌದಲ್ಲೋ," ಎಂದು ಹೊರಸಿನ ಮೇಲೆ ಕೂತುಬಿಟ್ಟರು.

ದಾರಿ ತೋರಿಸಿದವಳು ದೊಡ್ಡವ್ವ. ಅವಳ ಬಚ್ಚಲ ನೆಲ ಕಿತ್ತುಹೋಗಿ ನೀರು ನಿಲ್ಲುತ್ತಿತ್ತು. ಬಚ್ಚಲಿಗೆ ಯಾವ ಶಾಸ್ತ್ರದವರೂ ಬಂದು ಕಲ್ಲು ನೋಡುವುದಿಲ್ಲ. ಸುಣ್ಣ ಕಲಸಿದೆ. ಮಾಸ್ತರು ಧೋತರ ಮೇಲೆ ಕಟ್ಟಿ ತಾವೇ ಒಂದೊಂದು ಕಲ್ಲು ಕೂಡಿಸತೊಡಗಿದರು. ದೊಡ್ಡವ್ವ ಬಾಗಿಲಲ್ಲಿ ನಿಂತು, "ಸಪಾಟ ಮಗ್ಗಲಾ ಮ್ಯಾಲ ಮಾಡ್ರಿ, ಮುದಿಕಾಲಿಗೆ ಒತ್ತತಾವ," ಎಂದು ಹೇಳುತ್ತಿದ್ದಳು. ಮಾಸ್ತರು "ಆತ್ರಿ ಅವ್ವಾರ," ಎನ್ನುತ್ತ ಕಲ್ಲು ತಿರುಗಿಸುತ್ತಿದ್ದರು.

ಕೊನೆಗೆ ಆ ತೆಂಗಿನಕಾಯಿಯಂಥದ್ದು ಉಳಿಯಿತು. ಅದನ್ನು ಅವರು ಎರಡು ಸಲ ಎತ್ತಿ ಬದಿಗೆ ಇಟ್ಟಿದ್ದನ್ನು ನಾನು ನೋಡಿದ್ದೆ.

"ಇದು ಅದನ ಇರಬೇಕ್ರಿ," ಎಂದೆ.

"ಇರಬಹುದು," ಎಂದರು. ಮುರಿದ ಮಗ್ಗಲನ್ನು ಕೆಳಗೆ ಮಾಡಿ ಸುಣ್ಣದಲ್ಲಿ ಕೂಡಿಸಿ, ಅದು ಅಲುಗಾಡದ ಹಾಗೆ ಅಂಗೈಯಿಂದ ಒತ್ತಿ ಹಿಡಿದುಕೊಂಡರು.